ಆ ಹನ್ನೆರಡು ವಚನಗಳು

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಈ ಅಮ್ಮನಿಗೆ ಐವತ್ತೆಂಟು ವರ್ಷ. ಗದಗ ಕಡೆಯವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ.) ಎರಡು ತಿಂಗಳಿಂದ ನಿದ್ದೆ ಇಲ್ಲ, ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದರು. ಚೀಲದಿಂದ ಹಳೆಯ ಸತ್ಯವೇದ (ಬೈಬಲ್) ತೆಗೆದು ಮೇಜಿನ ಮೇಲಿಟ್ಟರು. ಅದು ತಾನಾಗಿಯೇ ಯೋಹಾನನ ಸುವಾರ್ತೆಯ 8ನೇ ಅಧ್ಯಾಯಕ್ಕೆ ಬಿಚ್ಚಿಕೊಂಡಿತು. ಪುಟದ ಅಂಚು ಕಂದಾಗಿ, ಹಳೇ ಸೀರೆಯ ಸೆರಗಿನಂತೆ ಮೆತ್ತಗಾಗಿತ್ತು.

ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಎಳೆದು ತಂದ ಕಥೆ ಅದು. ಪಾಪ ಮಾಡದವನು ಮೊದಲ ಕಲ್ಲು ಹಾಕಲಿ ಎಂದು ಯೇಸು ಹೇಳಿದ್ದು ಇಲ್ಲೇ. ಈ ಅಮ್ಮನಿಗೂ ಇಪ್ಪತ್ತೆರಡರ ವಯಸ್ಸಿನಲ್ಲಿ ಊರು ಮಾತಿನಲ್ಲೇ ಕಲ್ಲು ಹೊಡೆದಿತ್ತು. ಆಗ ಕೈ ಹಿಡಿದದ್ದು ಈ ಪುಟ.

ಥಿಯಾಲಜಿ (ದೇವಶಾಸ್ತ್ರ) ಓದುವ ಮಗ ರಜೆಗೆ ಬಂದಾಗ, ಊಟ ಮಾಡುತ್ತಾ ಹೇಳಿದ್ದಾನೆ: 7ನೇ ಅಧ್ಯಾಯದ 53ನೇ ವಚನದಿಂದ 8ನೇ ಅಧ್ಯಾಯದ 11ರವರೆಗಿನ ಹನ್ನೆರಡು ವಚನ ಅತಿ ಹಳೆಯ ಕೈಬರಹದ ಪ್ರತಿಗಳಲ್ಲಿ ಇಲ್ಲ, ಆಮೇಲೆ ಸೇರಿದ್ದು.

"ಹಂಗಾದ್ರ ನನ್ನ ಕ್ಷಮಿಸಿದ್ದು ಯಾರ್ರೀ ಮೇಡಂ?"

ಇದಕ್ಕೆ ಥಟ್ಟನೆ ಉತ್ತರ ಕೊಡಬಾರದು. ಮೊದಲ ಎರಡು ಭೇಟಿ ಅವರ ಕಥೆ ಕೇಳುವುದರಲ್ಲೇ ಹೋಯಿತು. ಮೂವತ್ತಾರು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಮಗನಿಗೂ ಗೊತ್ತಿಲ್ಲ. ನಿದ್ದೆಗಾಗಿ ವೈದ್ಯರ ಹತ್ತಿರ ಕಳಿಸಿದೆ.

ಮೂರನೇ ಭೇಟಿಯಲ್ಲಿ, "ಮಗ ಹೇಳಿದ್ದು ಸುಳ್ಳಲ್ಲ" ಎಂದೆ. ಸಮಾಧಾನಕ್ಕೆಂದು ಸುಮ್ನೆ ಏನೋ ಹೇಳಿದರೆ ನಾಳೆ ಮತ್ತೆ ಕುಸಿಯುತ್ತಾರೆ, ಅಲ್ವಾ? 4ನೇ ಶತಮಾನದ ಸಿನಾಯಿಟಿಕಸ್, ವ್ಯಾಟಿಕನಸ್ ಎಂಬ ಸತ್ಯವೇದದ ಹಸ್ತಪ್ರತಿಗಳಲ್ಲಿ ಈ ಭಾಗ ಇಲ್ಲ. ಸುಮಾರು 5ನೇ ಶತಮಾನದ ಬೇಜೆ ಎಂಬ ಇನ್ನೊಂದು ಪ್ರತಿಯಲ್ಲಿ ಇದೆ. ಕೆಲವು ಪ್ರತಿಗಳಲ್ಲಂತೂ ಇದೇ ಕಥೆ ಲೂಕನ ಸುವಾರ್ತೆಯೊಳಗೆ ಇದೆ. ಕಥೆಗೆ ಒಂದು ಗಟ್ಟಿ ಜಾಗ ಇರಲಿಲ್ಲ. ಆದರೂ ಜನ ಅದನ್ನು ಬಿಟ್ಟುಕೊಡಲಿಲ್ಲ. ಹೆಂಡತಿಯರಿಗೆ ಸಲಿಗೆ ಸಿಕ್ಕೀತೆಂದು ಹೆದರಿ ಕೆಲವರು ಇದನ್ನು ತೆಗೆದರೆಂದು ಹಳೆಯ ಕಾಲದ ಕ್ರೈಸ್ತ ಗುರು ಸಂತ ಅಗಸ್ಟೀನ್ ಅನುಮಾನಪಟ್ಟಿದ್ದರು. ಇಂದಿನ ಹೆಚ್ಚಿನ ವಿದ್ವಾಂಸರು ಹಾಗೆ ಎಣಿಸುವುದಿಲ್ಲ. ಅದನ್ನೂ ಹೇಳಿದೆ. ಅಗಸ್ಟೀನರ ಮಾತು ಕೇಳಿ ಅಮ್ಮ ಮೊದಲ ಸಲ ತಲೆ ಎತ್ತಿದರು.

ಆಮೇಲೆ ಲೂಕ 7ನೇ ಅಧ್ಯಾಯ ಓದಲು ಹೇಳಿದೆ. ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ ಹೆಂಗಸಿನ ಪ್ರಸಂಗ. ಅದು ಆ ಎರಡು ಹಳೆಯ ಪ್ರತಿಗಳಲ್ಲೂ ಇದೆ. ಅಲ್ಲೂ ಅದೇ ಕ್ಷಮೆ. ಅಕ್ಷರ ಮುಖ್ಯ, ಬರೆದಿಟ್ಟವರು ಇಲ್ಲದಿದ್ದರೆ ಈ ಮಾತು ಇವರ ತನಕ ಬರುತ್ತಲೇ ಇರಲಿಲ್ಲ. ಆದರೂ ಇವರನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಮಾತಿನ ತಿರುಳು ಎಂದೇ ನಾನು ನಂಬುತ್ತೇನೆ. ನಾನು ಸಭಾಪಾಲಕಿಯಲ್ಲ (ಚರ್ಚಿನ ಪಾಸ್ಟರ್ ಅಲ್ಲ), ಮುಂದಿನ ಪ್ರಶ್ನೆಗಳನ್ನು ಅವರ ಸಭಾಪಾಲಕರ ಹತ್ತಿರ ಕೇಳಿ ಎಂದೆ. ಹಳೆಯ ಪುಟ ಓದುವುದನ್ನು ನಿಲ್ಲಿಸಬೇಡಿ ಎಂದೂ ಹೇಳಿದೆ.

ಅಮ್ಮನ ಒಪ್ಪಿಗೆ ಪಡೆದು ಮಗನ ಜೊತೆಗೂ ಮಾತಾಡಿದೆ. ಕಲಿತದ್ದನ್ನು ಮುಚ್ಚಿಡಬೇಡ, ಆದರೆ ಈ ಪುಟ ಯಾಕೆ ಇಷ್ಟು ಸವೆದಿದೆ ಅಂತ ಅಮ್ಮನನ್ನು ಒಮ್ಮೆ ಕೇಳು ಎಂದೆ.

ಹದಿನೈದು ದಿನದ ಮೇಲೆ ಅಮ್ಮನ ಫೋನ್ ಬಂತು. "ಮಗ ಕೇಳಿದ್ನರೀ. ಎಲ್ಲಾ ಹೇಳಿದೆ. ಎರಡು ಗಂಟೆ ತನಕಾ ಅಡಿಗಿಮನ್ಯಾಗ ಕುಂತಿದ್ವಿ."