ನಿವೃತ್ತಿಯಾಗುವ ಎಸಿಪಿಯವರನ್ನು ಮುಂದುವರಿಸಿ ಎಂದು ಊರವರು ಮನವಿ ಕೊಟ್ಟರೆ ಆಗುತ್ತದಾ?

ಆಗುವುದಿಲ್ಲ ಮಾರಾಯ್ರೆ. ಮಂಗಳೂರಿನಲ್ಲಿ ನಿಮ್ಮ ಕಡೆಯ ಎಸಿಪಿ (ಸಹಾಯಕ ಪೊಲೀಸ್ ಕಮಿಷನರ್) ಬರುವ ತಿಂಗಳು ನಿವೃತ್ತರಾಗುತ್ತಾರೆ, ಜನ ಸಹಿ ಹಾಕಿ ಗೃಹ ಸಚಿವರಿಗೆ ಮನವಿ ಕೊಟ್ಟರೆ ಎರಡು ವರ್ಷ ಮುಂದುವರಿಸಬಹುದಾ, ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿಪಿಗೂ ಸಿಬಿಐ ನಿರ್ದೇಶಕರಿಗೂ ಕೊಡುತ್ತಾರಲ್ಲ ಎಂದು ಕೇಳಿದ್ದೀರಿ. ಸಹಿ ಎಷ್ಟೇ ಬೀಳಲಿ, ಆ ಕಾಗದ ಬೆಂಗಳೂರಿನಲ್ಲಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸಾಹೇಬರಿಗೆ ಇಲ್ಲಿ ಹಾರ ಹಾಕಿ, ಮೈಸೂರು ಪೇಟ ತೊಡಿಸಿ ಆಗಿರುತ್ತದೆ. ನಾನು ಸಮವಸ್ತ್ರ ಹಾಕಿದವನಲ್ಲ. ಉಡುಪಿ, ಮಂಗಳೂರು ಎರಡೂ ಕಡೆ ಪೊಲೀಸ್ ಕಚೇರಿಯಲ್ಲಿ ಸಿಬ್ಬಂದಿ ಶಾಖೆಯ ಗುಮಾಸ್ತನಾಗಿ ಸೇವಾ ಪುಸ್ತಕ, ಪಿಂಚಣಿ ಕಡತ ನೋಡಿಕೊಂಡವನು. ಆ ಅನುಭವದಲ್ಲಿ ಹೇಳುತ್ತೇನೆ.

ನಿಯಮ ಸರಳ. ರಾಜ್ಯ ಸೇವೆಯವರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ 95ನೇ ನಿಯಮ: 60 ತುಂಬುವ ತಿಂಗಳ ಕೊನೆಯ ದಿನ, ಅಪರಾಹ್ನ, ಸೇವೆ ಮುಗಿಯಿತು. ಆ ದಿನ ಭಾನುವಾರ ಬಿದ್ದರೂ ಅಂದೇ. ನಿಮ್ಮ ಅಪ್ಪನ ಕಾಲದವರು 58 ಎಂದು ಹೇಳಿದರೆ ಅದು ಸುಳ್ಳಲ್ಲ. 58 ಇದ್ದದ್ದು 60 ಆದದ್ದು 2008ರಲ್ಲಿ. ಐಪಿಎಸ್‌ನವರಿಗೆ ಬೇರೆ ನಿಯಮ, 1958ರ ಅಖಿಲ ಭಾರತ ಸೇವೆಗಳ ನಿವೃತ್ತಿ ಸೌಲಭ್ಯ ನಿಯಮಗಳು. ಅಲ್ಲಿಯೂ 60, ಅದೂ ತಿಂಗಳ ಕೊನೆಯ ದಿನವೇ. ಕೇಂದ್ರದಲ್ಲಿ 58ರಿಂದ 60ಕ್ಕೆ ಏರಿದ್ದು 1998ರಲ್ಲಿ, ಅಂದರೆ ನಮಗಿಂತ ಹತ್ತು ವರ್ಷ ಮೊದಲು. ಆ ಹತ್ತು ವರ್ಷ ಒಂದೇ ಕಚೇರಿಯಲ್ಲಿ ಐಪಿಎಸ್ ಸಾಹೇಬರಿಗೆ 60, ಅವರ ಕೈಕೆಳಗಿನ ಡಿವೈಎಸ್ಪಿಗೆ (ಕಮಿಷನರೇಟಿನಲ್ಲಿ ಎಸಿಪಿ ಎನ್ನುವ ದರ್ಜೆ) 58. ಈಗ ಆ ವ್ಯತ್ಯಾಸ ಇಲ್ಲ. ಪೊಲೀಸರಿಗೆ ಮಾತ್ರ ಬೇರೆ ವಯಸ್ಸು ಎಂಬುದೂ ಇಲ್ಲ. ಠಾಣೆಯ ಹೆಡ್ ಕಾನ್‌ಸ್ಟೆಬಲ್‌ಗೂ ಪಾಂಡೇಶ್ವರದಲ್ಲಿ ಕೂತ ಕಮಿಷನರಿಗೂ ಅದೇ 60.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ತಿಂಗಳ 1ನೇ ತಾರೀಕು ಹುಟ್ಟಿದವರು ಆ ತಿಂಗಳ ಕೊನೆಗಲ್ಲ, ಹಿಂದಿನ ತಿಂಗಳ ಕೊನೆಗೇ ಹೋಗಬೇಕು. ಇದು ನಮ್ಮ ಕಡೆ ಬಹಳ ಜನರಿಗೆ ತಾಗುತ್ತದೆ. ಯಾಕೆಂದರೆ ಆಗಿನ ಕಾಲದಲ್ಲಿ ಮನೆಯಲ್ಲೇ ಹೆರಿಗೆ, ಜನನ ಪತ್ರ ಇಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಮಗುವನ್ನು ಕರೆದುಕೊಂಡು ಹೋದರೆ ಹೆಡ್ ಮಾಸ್ಟರು ಒಂದು ಲೆಕ್ಕ ಹಾಕಿ ಒಂದನೇ ತರಗತಿಗೆ ವಯಸ್ಸು ಸರಿಯಾಗಿ ಕೂರುವ ಹಾಗೆ ಜೂನ್ 1 ಎಂದೋ ಮೇ ತಿಂಗಳ ಒಂದು ದಿನ ಎಂದೋ ಬರೆದುಬಿಡುತ್ತಿದ್ದರು. ‘ಆಟಿ ತಿಂಗಳ ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು’ ಎಂದು ಅಜ್ಜಿ ಹೇಳಿದರೆ ಅದನ್ನು ಬರೆಯಲು ದಾಖಲಾತಿ ಪುಸ್ತಕದಲ್ಲಿ ಜಾಗ ಇರಲಿಲ್ಲ. ಅದೇ ತಾರೀಕು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ಸೇವಾ ಪುಸ್ತಕದ ಮೊದಲ ಪುಟಕ್ಕೆ, ಅಂಕಿಯಲ್ಲೂ ಅಕ್ಷರದಲ್ಲೂ. ಕೆಳಗೆ ನೌಕರನ ಸಹಿ, ಅಧಿಕಾರಿಯ ಸಹಿ, ಮೊಹರು. ಹಾಗಾಗಿ ಮೇ 31 ಬಂತೆಂದರೆ ನಮ್ಮ ಕಚೇರಿಯಲ್ಲಿ ಬೀಳ್ಕೊಡುಗೆಯ ಜಾತ್ರೆ. ಎಲ್ಲರಿಗೂ ಒಂದೇ ಸಭೆ, ಒಂದೇ ಸೈಜಿನ ಹಣ್ಣಿನ ಬುಟ್ಟಿ, ಮಾತಾಡುವವರಿಗೆ ಯಾರ ಗುಣ ಯಾರಿಗೆ ಹೇಳಿದೆವು ಎಂಬುದೇ ಮರೆತುಹೋಗುತ್ತಿತ್ತು.

‘ನಿಜವಾದ ವಯಸ್ಸು ಕಡಿಮೆ, ತಿದ್ದಿಸಿ ಕೊಡಿ’ ಎಂದು ಕೊನೆಯ ವರ್ಷದಲ್ಲಿ ಬರುವವರಿಗೂ ಕಡಿಮೆ ಇಲ್ಲ. ಒಬ್ಬ ಇನ್‌ಸ್ಪೆಕ್ಟರು ಜಾತಕದ ಓಲೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ತಂದಿದ್ದರು. ನಕ್ಷತ್ರ, ತಿಥಿ ಎಲ್ಲ ಸರಿ ಇತ್ತು. ಆ ಓಲೆಯ ಪ್ರಕಾರ ಅವರಿಗೆ ಇನ್ನೂ ಸುಮಾರು ಸೇವೆ ಉಳಿದಿತ್ತು. ಆದರೆ 1974ರ ರಾಜ್ಯ ನೌಕರರ ವಯಸ್ಸು ನಿರ್ಧಾರ ಕಾಯ್ದೆ ಎಂದು ಒಂದಿದೆ. ಸೇವೆಗೆ ಸೇರಿ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಬಾಗಿಲು ಮುಚ್ಚಿತು. 2021ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಇನ್ನೊಂದು ಮಾತು ಸೇರಿಸಿತು: ಹುಟ್ಟಿದ ದಿನ ತಿದ್ದಿಸಿಕೊಳ್ಳುವುದು ಹಕ್ಕಲ್ಲ, ಪುರಾವೆ ಗಟ್ಟಿ ಇದ್ದರೂ ತಡವಾಗಿ ಬಂದರೆ ಅರ್ಜಿ ತಳ್ಳಿಹಾಕಬಹುದು. ಐಪಿಎಸ್‌ನವರಿಗೆ ಇನ್ನೂ ಬಿಗಿ. ಪರೀಕ್ಷೆಯ ಅರ್ಜಿಯಲ್ಲಿ ಬರೆದದ್ದೇ ಅಂತಿಮ, ಬರವಣಿಗೆಯ ತಪ್ಪಾಗಿದ್ದರೆ ಮಾತ್ರ ತಿದ್ದುಪಡಿ. ಇನ್‌ಸ್ಪೆಕ್ಟರಿಗೆ ಓಲೆ ವಾಪಸು ಕೊಟ್ಟೆವು. ಅವರಿಗೆ ಸಿಟ್ಟು ಬಂದದ್ದು ನಮ್ಮ ಮೇಲಲ್ಲ, ಸತ್ತುಹೋದ ಹೆಡ್ ಮಾಸ್ಟರ ಮೇಲೆ.

ಇನ್ನು ನಿಮ್ಮ ಎರಡನೇ ಮಾತು: ಡಿಜಿಪಿಗೆ ಕೊಡುತ್ತಾರಲ್ಲ? ಹೌದು, ಆದರೆ ಅದು ಸೇವೆ ಮೆಚ್ಚಿ ಕೊಡುವ ಉಡುಗೊರೆ ಅಲ್ಲ. ಉತ್ತರ ಪ್ರದೇಶದಲ್ಲಿ ಡಿಜಿಪಿ ಆಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ರಾಜ್ಯದ ಪೊಲೀಸ್ ಮುಖ್ಯಸ್ಥರನ್ನು ಯುಪಿಎಸ್‌ಸಿ ಆರಿಸಿದ ಮೂವರು ಹಿರಿಯರ ಪಟ್ಟಿಯಿಂದಲೇ ಆಯ್ಕೆ ಮಾಡಬೇಕು, ನಿವೃತ್ತಿಯ ದಿನ ಯಾವುದೇ ಇರಲಿ, ಕನಿಷ್ಠ ಎರಡು ವರ್ಷ ಆ ಕುರ್ಚಿಯಲ್ಲಿ ಇರಬೇಕು ಎಂದು. ಮುಖ್ಯಮಂತ್ರಿ ಬದಲಾದಾಗೆಲ್ಲ ಡಿಜಿಪಿಯನ್ನು ಎತ್ತಿ ಎಸೆಯದಿರಲಿ ಎಂಬುದು ಉದ್ದೇಶ. ಆದರೆ ರಾಜ್ಯಗಳು ರಂಗೋಲಿ ಕೆಳಗೆ ನುಸುಳಿದವು. ಬೇಕಾದ ಅಧಿಕಾರಿಯನ್ನು ನಿವೃತ್ತಿಯ ದಿನವೇ ಡಿಜಿಪಿ ಮಾಡಿ 62ರವರೆಗೆ ಕೂರಿಸುವ ಉಪಾಯ ಹೂಡಿದವು. 2018ರ ಜುಲೈಯಲ್ಲಿ ಕೋರ್ಟು ಅದಕ್ಕೂ ಗದರಿತು: ಮುಂದುವರಿಕೆ ಇರಲಿ, ಆದರೆ ಅವಧಿ ನ್ಯಾಯವಾಗಿರಬೇಕು. 2019ರಲ್ಲಿ ಇನ್ನೊಂದು ಸ್ಪಷ್ಟನೆ, ಕನಿಷ್ಠ ಆರು ತಿಂಗಳ ಸೇವೆ ಉಳಿದವರನ್ನೇ ಪಟ್ಟಿಗೆ ಪರಿಗಣಿಸಬೇಕು ಎಂದು.

ನಮ್ಮಲ್ಲೇ ನೋಡಿ. ಅಲೋಕ್ ಮೋಹನ್ 2023ರ ಮೇಯಲ್ಲಿ ಹೊಣೆ ವಹಿಸಿಕೊಂಡರು, 2025ರ ಏಪ್ರಿಲ್ ಕೊನೆಗೆ ಅವರ ನಿವೃತ್ತಿ. ಎರಡು ವರ್ಷ ತುಂಬಲು ಸ್ವಲ್ಪ ದಿನ ಬಾಕಿ ಇದ್ದುದರಿಂದ ಮೇ 21ರವರೆಗೆ ಇದ್ದರು. ಮೂರು ವಾರ, ಅಷ್ಟೇ. ಅವರಿಗಿಂತ ಮೊದಲು ಡಿಜಿಪಿ ಆಗಿದ್ದ ಪ್ರವೀಣ್ ಸೂದ್ ಅವರದ್ದು ಬೇರೆ ದಾರಿ, ಅವರು ಸಿಬಿಐ ನಿರ್ದೇಶಕರಾದರು. ಸಿಬಿಐ ನಿರ್ದೇಶಕರ ಹುದ್ದೆಗೆ ಕಾಯ್ದೆಯಲ್ಲೇ ಎರಡು ವರ್ಷದ ಅವಧಿ ಇದೆ, 2021ರಿಂದ ವರ್ಷ ವರ್ಷ ವಿಸ್ತರಿಸಿ ಒಟ್ಟು ಐದು ವರ್ಷದವರೆಗೂ ಹೋಗಬಹುದು. ಸಾಮಾನ್ಯ ಲೆಕ್ಕದಲ್ಲಿ 2024ರಲ್ಲಿ ಮನೆಗೆ ಹೋಗಬೇಕಿದ್ದ ಸೂದ್ ಅದರಿಂದಾಗಿ ಮುಂದುವರಿದರು. ಇವೆಲ್ಲ ಹುದ್ದೆಗೆ ಅಂಟಿದ ಅವಧಿ. ವ್ಯಕ್ತಿಯ ಒಳ್ಳೆಯತನ ನೋಡಿ ಕೊಡುವುದಲ್ಲ. ಎಡಿಜಿಪಿಗೂ ಇಲ್ಲ, ಐಜಿಗೂ ಇಲ್ಲ, ಎಸಿಪಿಗಂತೂ ಇಲ್ಲವೇ ಇಲ್ಲ.

ಮಾತು ಬಂದದ್ದಕ್ಕೆ: ಕೆಲವರು ಕಡ್ಡಾಯ ನಿವೃತ್ತಿ ಎಂದು ಪತ್ರಿಕೆಯಲ್ಲಿ ಓದಿ ಅದೂ ಈ 60ರ ನಿವೃತ್ತಿಯೇ ಎಂದುಕೊಳ್ಳುತ್ತಾರೆ. ಅದು ಕೆಲಸಕ್ಕೆ ಬಾರದವರನ್ನೋ ಕೈ ಚಾಚುವವರನ್ನೋ 50 ದಾಟಿದ ಮೇಲೆ ಸೇವೆ ಪರಿಶೀಲಿಸಿ ಮೊದಲೇ ಕಳಿಸುವ ಅಧಿಕಾರ. ಕಾರ್ಕಳದಲ್ಲಿ ಎಎಸ್ಪಿ, ಉಡುಪಿಯಲ್ಲಿ ಎಸ್ಪಿ ಆಗಿದ್ದ ಅಣ್ಣಾಮಲೈ 2019ರಲ್ಲಿ ಹೊರಟದ್ದು 60ರ ನಿವೃತ್ತಿಯೂ ಅಲ್ಲ, ಕಡ್ಡಾಯ ನಿವೃತ್ತಿಯೂ ಅಲ್ಲ, ಶುದ್ಧ ರಾಜೀನಾಮೆ. ವಯಸ್ಸಿನಲ್ಲೇ ಭೇದ ಇದ್ದದ್ದು ಕೇಂದ್ರದ ಪಡೆಗಳಲ್ಲಿ: ಸಿಆರ್‌ಪಿಎಫ್, ಬಿಎಸ್‌ಎಫ್‌ನಲ್ಲಿ ಕಮಾಂಡೆಂಟ್‌ವರೆಗೆ 57, ಮೇಲಿನವರಿಗೆ 60 ಎಂಬ ಭೇದ ಇತ್ತು. ದೆಹಲಿ ಹೈಕೋರ್ಟು ತಪ್ಪು ಎಂದ ಮೇಲೆ 2019ರಲ್ಲಿ ಎಲ್ಲರಿಗೂ 60 ಆಯಿತು.

ನನ್ನನ್ನು ಕೇಳಿದರೆ 60 ಹಾಗೇ ಇರಲಿ. ಒಬ್ಬರನ್ನು ಮೇಲೆ ಎರಡು ವರ್ಷ ಹೆಚ್ಚು ಕೂರಿಸಿದರೆ ಕೆಳಗೆ ಸಾಲು ಪೂರ್ತಿ ನಿಲ್ಲುತ್ತದೆ. ಪಿಎಸ್‌ಐ ಆಗಿ ಸೇರಿ, ಇನ್‌ಸ್ಪೆಕ್ಟರ್ ಆಗಿ ಕೂದಲು ನರೆತು, ಡಿವೈಎಸ್ಪಿ ಹುದ್ದೆಯ ಆದೇಶ ಕೈಗೆ ಬರುವಾಗ ನಿವೃತ್ತಿ ಎದುರಿಗೇ ಇರುವವರನ್ನು ನಾನು ಕಂಡಿದ್ದೇನೆ. ಹೊಸ ಹುದ್ದೆಯ ಸಮವಸ್ತ್ರ ಹಾಕಿಕೊಂಡು ಬಂದು ‘ಪಿಂಚಣಿ ಲೆಕ್ಕಕ್ಕೆ ಈ ಸಂಬಳ ಸೇರುತ್ತದಾ?’ ಎಂದು ಮೊದಲು ಕೇಳುತ್ತಿದ್ದರು. ನಿಮ್ಮ ಎಸಿಪಿ ಕೂಡ ಯಾರೋ ಒಬ್ಬರು ಹೋದದ್ದರಿಂದಲೇ ಆ ಜಾಗಕ್ಕೆ ಬಂದವರು.

ನಮ್ಮ ಕರಾವಳಿಗೆ ಪೆಟ್ಟು ಕೊಡುವುದು ವಯಸ್ಸಲ್ಲ, ವರ್ಗಾವಣೆ. ಮಂಗಳೂರಿಗೆ ಕಮಿಷನರೇಟ್ ಬಂದದ್ದು 2010ರ ಜನವರಿಯಲ್ಲಿ. ಅಲ್ಲಿಂದ ಬಂದು ಹೋದ ಸಾಹೇಬರ ಹೆಸರಿನ ಹಲಗೆ ಉದ್ದ ಆಗುತ್ತಲೇ ಇದೆ. ಸುರತ್ಕಲ್‌ನ ಗಲಾಟೆಗೂ ಉಳ್ಳಾಲದ ಗಲಾಟೆಗೂ ಏನು ವ್ಯತ್ಯಾಸ, ಯಾವ ಹಬ್ಬದ ಮೆರವಣಿಗೆ ಯಾವ ತಿರುವಿನಲ್ಲಿ ನಿಧಾನ ಆಗುತ್ತದೆ, ಯಾವ ಹಿರಿಯರಿಗೆ ಒಂದು ಫೋನು ಮಾಡಿದರೆ ಹುಡುಗರು ಮನೆಗೆ ಹೋಗುತ್ತಾರೆ ಎಂದು ತಿಳಿಯುವಷ್ಟರಲ್ಲಿ ಆದೇಶ ಬಂದಿರುತ್ತದೆ. ಅದೇ 2006ರ ತೀರ್ಪಿನಲ್ಲಿ ಎಸ್ಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷ ಕೊಡಬೇಕು ಎಂದು ಬರೆದಿದೆ. ಡಿಜಿಪಿಯ ಎರಡು ವರ್ಷ ಎಲ್ಲರಿಗೂ ನೆನಪಿದೆ, ಠಾಣೆಯ ಎರಡು ವರ್ಷ ಯಾರೂ ಎತ್ತುವುದಿಲ್ಲ.

ಹಾಗಾಗಿ ಮನವಿ ಬರೆಯುವುದೇ ಆದರೆ ಒಕ್ಕಣೆ ಬದಲಿಸಿ. ಇವರ ಜಾಗಕ್ಕೆ ಬರುವವರಿಗೆ ಎರಡು ವರ್ಷದ ಸೇವೆಯಾದರೂ ಉಳಿದಿರಲಿ, ಅಷ್ಟು ಕಾಲ ಅವರನ್ನು ಅಲುಗಾಡಿಸಬೇಡಿ ಎಂದು ಕೇಳಿ. ಪ್ರತಿಯನ್ನು ನೃಪತುಂಗ ರಸ್ತೆಯ ಡಿಜಿಪಿ ಕಚೇರಿಗೂ ಕಳಿಸಿ. ಮತ್ತೆ, ಎಸಿಪಿಯವರಿಗೆ ಊರ ಸನ್ಮಾನ ಮಾಡುವ ಆಲೋಚನೆ ಇದ್ದರೆ ತಿಂಗಳ ಕೊನೆಯ ದಿನ ಇಟ್ಟುಕೊಳ್ಳಬೇಡಿ. ಅಂದು ಪ್ರಭಾರ ವಹಿಸಿಕೊಡಬೇಕು, ಬೇಬಾಕಿ ಪತ್ರಕ್ಕೆ ಸಹಿ ಬೀಳಬೇಕು, ಇಲಾಖೆಯವರ ಕಾರ್ಯಕ್ರಮವೂ ಇರುತ್ತದೆ. ಒಂದು ವಾರ ಬಿಟ್ಟು ಕರೆಯಿರಿ, ಮನೆಯವರನ್ನು ಕರೆದುಕೊಂಡು ಆರಾಮವಾಗಿ ಬರುತ್ತಾರೆ.