ವಿಷದ ಗಿಡ ಯಾವುದು ಅಂತ ಪುಟ್ಟ ಮಕ್ಕಳಿಗೆ ತಾನಾಗೇ ಗೊತ್ತಾಗುತ್ತದೆಯೇ?

ಇಲ್ಲ. ಯಾವುದು ವಿಷ, ಯಾವುದು ಅಲ್ಲ ಅಂತ ಮಗುವಿಗೆ ತಿಳಿಯುವುದಿಲ್ಲ. ಆದರೆ ಗಿಡ ಯಾವುದೇ ಇರಲಿ, ಮುಟ್ಟುವ ಮುಂಚೆ ಮಗು ಸ್ವಲ್ಪ ಹಿಂಜರಿಯುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆನಿ ವರ್ಟ್ಜ್ ಮತ್ತು ಕರೆನ್ ವಿನ್ 8ರಿಂದ 18 ತಿಂಗಳ ಮಕ್ಕಳ ಮುಂದೆ ಗಿಡಗಳನ್ನೂ ಬೇರೆ ವಸ್ತುಗಳನ್ನೂ ಇಟ್ಟು ನೋಡಿದರು. ಗಿಡಕ್ಕೆ ಕೈ ಚಾಚಲು ಮಕ್ಕಳು ಜಾಸ್ತಿ ಹೊತ್ತು ತೆಗೆದುಕೊಂಡವು. ಇದು ಪ್ರಕಟವಾದದ್ದು 2014ರಲ್ಲಿ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು ಅದು, ಅಲ್ವಾ? ಹಾಗಾಗಿಯೇ ನನಗೆ ಇದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ.

ಕಾರಣ ಇಷ್ಟು: ಗಿಡ ಓಡಿ ತಪ್ಪಿಸಿಕೊಳ್ಳಲಾರದು. ಮುಳ್ಳು, ವಿಷಗಳೇ ಅದರ ಕಾವಲು. ಮುಳ್ಳು ಕಾಣುತ್ತದೆ, ವಿಷ ಕಾಣುವುದಿಲ್ಲ. ರುಚಿ ನೋಡಿ ಕಲಿಯಲು ಹೋದರೆ ಜೀವಕ್ಕೇ ಕುತ್ತು. ಅದಕ್ಕೇ ಮಗು ಮೊದಲು ಕೈ ತಡೆಯುತ್ತದೆ, ದೊಡ್ಡವರು ಏನು ತಿನ್ನುತ್ತಾರೆ ಅಂತ ನೋಡುತ್ತದೆ. ಇನ್ನೊಂದು ಪ್ರಯೋಗದಲ್ಲಿ ದೊಡ್ಡವರೊಬ್ಬರು ಗಿಡದಿಂದ ತೆಗೆದ ಹಣ್ಣನ್ನೂ ಬೇರೊಂದು ವಸ್ತುವಿನಿಂದ ತೆಗೆದ ಹಣ್ಣನ್ನೂ ಬಾಯಿಗಿಟ್ಟು ತೋರಿಸಿದರು. 18 ತಿಂಗಳ ಮಕ್ಕಳು ತಿನ್ನಲು ಹೆಚ್ಚಾಗಿ ಆರಿಸಿದ್ದು ಗಿಡದ ಹಣ್ಣನ್ನೇ.

ಈ ಹಿಂಜರಿಕೆ ಕೆಲವೇ ಸೆಕೆಂಡಿನದು. ಇದನ್ನು ನಂಬಿ ಮಗುವನ್ನು ಕಣಗಿಲೆ ಗಿಡದ ಹತ್ತಿರ ಒಂಟಿಯಾಗಿ ಬಿಡಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ.