ಹಳ್ಳದ ಬದಿಯ ಕಲ್ಲಿನ ದೊಡ್ಡಿಗೆ ಇಷ್ಟೊಂದು ಕಾವಲು ಯಾಕೆ?

ಪ್ರಶ್ನೆ: ನಾವು ಅಬರ್ಡೀನ್‌ನಲ್ಲಿದ್ದೇವೆ. ಬೇಸಿಗೆ ರಜೆಗೆ ಸ್ಕಾಟ್ಲೆಂಡ್‌ನ ಉತ್ತರದ ಶೆಟ್‌ಲ್ಯಾಂಡ್ ದ್ವೀಪಸಮೂಹದ ಫೌಲಾ ದ್ವೀಪಕ್ಕೆ ಹೋಗಬೇಕು ಅಂತಿದ್ದೇವೆ. ಆ ಕಡೆಯ ದ್ವೀಪಗಳಲ್ಲಿ ಹಳ್ಳದ ಪಕ್ಕ ಇತಿಹಾಸಪೂರ್ವ ಕಾಲದ ಕಲ್ಲಿನ ಆವರಣಗಳಿವೆ, ಅವು ಸಂರಕ್ಷಿತ ಎಂದು ಓದಿದೆ. ಫೋಟೊದಲ್ಲಿ ನೋಡಿದರೆ ಹುಲ್ಲಿನಲ್ಲಿ ನಾಲ್ಕು ಕಲ್ಲು ಬಿದ್ದಂತಿದೆ, ಅಷ್ಟೇ. ರಕ್ಷಿಸುವಂಥದ್ದು ಅಲ್ಲೇನಿದೆ? ಒಳಗೆ ಹೋಗಬಹುದಾ? ಮಗನ ಹತ್ತಿರ ಮೆಟಲ್ ಡಿಟೆಕ್ಟರ್ ಇದೆ, ತೆಗೆದುಕೊಂಡು ಹೋಗಲಾ?

ಉತ್ತರ: ಮೊದಲು ಡಿಟೆಕ್ಟರ್ ವಿಷಯ ಮುಗಿಸೋಣ. ಅದು ಮನೆಯಲ್ಲೇ ಇರಲಿ. 1979ರ ಪುರಾತನ ಸ್ಮಾರಕಗಳ ಕಾಯ್ದೆ ಪ್ರಕಾರ ಸಂರಕ್ಷಿತ ಜಾಗದಲ್ಲಿ ಲಿಖಿತ ಅನುಮತಿ ಇಲ್ಲದೆ ಅದನ್ನು ಬಳಸುವುದೇ ಅಪರಾಧ. ಏನೂ ಸಿಗದಿದ್ದರೂ ಅಪರಾಧವೇ. ಒಳಗೆ ನಡೆದುಹೋಗಲು ಅಡ್ಡಿಯಿಲ್ಲ. ಬೇಲಿ, ಕುರಿಗಳಿಗೆ ತೊಂದರೆಯಾಗದಂತೆ ಬಯಲಲ್ಲಿ ಓಡಾಡುವ ಹಕ್ಕನ್ನು ಸ್ಕಾಟ್ಲೆಂಡ್‌ನ 2003ರ ಭೂ ಸುಧಾರಣಾ ಕಾಯ್ದೆ ಎಲ್ಲರಿಗೂ ಕೊಟ್ಟಿದೆ.

ಈಗ ಆ ನಾಲ್ಕು ಕಲ್ಲಿಗೆ ಬರೋಣ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಕುಕ್ಕರಗಾಲಲ್ಲಿ ಕೂತು ನೋಡಿ. ಚೆಲ್ಲಾಪಿಲ್ಲಿ ಅನಿಸಿದ ಕಲ್ಲುಗಳು ಒಂದೇ ಸಾಲಿಗೆ ಬರುತ್ತವೆ. ಕೆಲವನ್ನು ನೆಲದಲ್ಲಿ ಹೂತು ನಿಲ್ಲಿಸಿರುತ್ತಾರೆ. ಚಪ್ಪಟೆ ಮುಖಗಳು ಒಂದೇ ಕಡೆಗೆ ತಿರುಗಿರುತ್ತವೆ. ಉರುಳಿ ಬಂದ ಕಲ್ಲು ಸಾಲಾಗಿ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಫೌಲಾದ ಉತ್ತರದಲ್ಲಿ ದ ಹೈಟ್ಸ್ ಎಂಬಲ್ಲಿ ಇಂಥದ್ದೇ ಮೊಟ್ಟೆಯಾಕಾರದ ಕಲ್ಲಿನ ಕಟ್ಟು ಇದೆ. ಅದು ಮನುಷ್ಯರೇ ಕಟ್ಟಿದ್ದು, ಅದೂ ಕ್ರಿ.ಪೂ. 1000ಕ್ಕಿಂತ ಮೊದಲು. ಆದರೆ ಎಲ್ಲ ಆವರಣವೂ ಒಂದೇ ಕೆಲಸಕ್ಕಲ್ಲ. ಕೆಲವು ದನ ಕುರಿ ಕೂಡುವ ದೊಡ್ಡಿ, ಕೆಲವು ಬೆಳೆಗೆ ಹಾಕಿದ ಪಾಗಾರ. ಹಳ್ಳ ಹತ್ತಿರವಿದ್ದರೆ ನೀರಿಗೆ ದೂರ ಅಲೆಯಬೇಕಿಲ್ಲ, ನಮ್ಮ ಹಳ್ಳಿಗಳ ಲೆಕ್ಕಾಚಾರವೂ ಅದೇ ತಾನೇ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಕಲ್ಲಿನ ಅಡಿಯ ಮಣ್ಣು. ಗೋಡೆ ಕಟ್ಟಿದ ದಿನವೇ ಅದರ ಕೆಳಗಿನ ನೆಲಕ್ಕೆ ಮುಚ್ಚಳ ಬಿತ್ತು. ಸುತ್ತ ಪೀಟ್ ಬೆಳೆಯಿತು. ಪೀಟ್ ಅಂದರೆ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಕೂಡಿಕೊಂಡ ಕಪ್ಪು ಪದರ. ಆ ಹುಳಿ ಮಣ್ಣಿನಲ್ಲಿ ಮೂಳೆ ಕರಗಿಹೋಗುತ್ತದೆ, ಪರಾಗ ಮಾತ್ರ ಸಾವಿರಾರು ವರ್ಷ ಉಳಿಯುತ್ತದೆ. ಇವತ್ತು ಶೆಟ್‌ಲ್ಯಾಂಡ್‌ನಲ್ಲಿ ಮರ ಹುಡುಕಬೇಕು. ಒಂದು ಕಾಲಕ್ಕೆ ಅಲ್ಲಿ ಬರ್ಚ್, ಹೇಝೆಲ್ ಪೊದೆಗಾಡು ಇತ್ತು ಎಂದು ಹೇಳಿದ್ದು ಇದೇ ಪರಾಗ. ಒಂದು ಚೂರು ಇದ್ದಿಲು ಸಿಕ್ಕರೆ ಕಾಲವನ್ನೂ ಲೆಕ್ಕ ಹಾಕಬಹುದು. ಆದರೆ ಇವೆಲ್ಲ ಇದ್ದ ಜಾಗದಲ್ಲೇ ಇರಬೇಕು. ಗುದ್ದಲಿ ಹಾಕಿ ಕಲಸಿದ ಮಣ್ಣಿನಿಂದ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ಆಗುವುದಿಲ್ಲ. ಅದಕ್ಕೇ ರಕ್ಷಣೆ ಕಲ್ಲಿಗಷ್ಟೇ ಅಲ್ಲ, ನಕ್ಷೆಯಲ್ಲಿ ಗೆರೆ ಎಳೆದು ಗುರುತಿಸಿದ ನೆಲಕ್ಕೂ ಇರುತ್ತದೆ. ಜಾಗ ಯಾರದೋ ಅವರದೇ. ಅಲ್ಲಿ ಅಗೆಯಬೇಕಾದರೆ ಅವರೂ ಅಲ್ಲಿನ ಸ್ಮಾರಕಗಳನ್ನು ನೋಡಿಕೊಳ್ಳುವ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ನಮ್ಮಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ ಇದೆಯಲ್ಲ, ಅಂಥ ಒಂದೇ ಅಳತೆಯ ಪಟ್ಟಿ ಅಲ್ಲಿಲ್ಲ.

ಹಳ್ಳವೇ ಇಂಥ ಜಾಗಕ್ಕೆ ಶತ್ರುವೂ ಹೌದು. ಮಳೆ ಜೋರಾದರೆ ದಡ ಕುಸಿದು ಗೋಡೆಯ ಬುಡವೇ ಕೊಚ್ಚಿಹೋಗಬಹುದು. ದಡದಲ್ಲಿ ಹೊಸದಾಗಿ ಮಣ್ಣು ಜಾರಿದ್ದು ಕಂಡರೆ ಮುಟ್ಟಬೇಡಿ. ಫೋಟೊ ತೆಗೆದು ಶೆಟ್‌ಲ್ಯಾಂಡ್‌ನ ಪುರಾತತ್ವದವರಿಗೆ ಕಳಿಸಿ, ದೊಡ್ಡ ಉಪಕಾರ.

ಬೇಸಿಗೆಯಲ್ಲಿ ಬಾಂಕ್ಸಿ ಎಂಬ ದೊಡ್ಡ ಕಡಲಹಕ್ಕಿ ಗೂಡಿನ ಹತ್ತಿರ ಹೋದವರ ತಲೆಗೇ ಎರಗುತ್ತದೆ. ಕೋಲನ್ನು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡು ಬೇಗ ದೂರ ಸರಿಯಿರಿ. ಇನ್ನು ಹಳ್ಳ ದಾಟುವಾಗ ಕಾಲಿಡಲು ಬೇಕೆಂದು ಗೋಡೆಯ ಕಲ್ಲನ್ನು ಎತ್ತಿ ಹಾಕಬೇಡಿ. ಗಮ್‌ಬೂಟ್ ಹಾಕಿಕೊಂಡು ನೀರಿನಲ್ಲೇ ನಡೆದುಬಿಡಿ.